ಹೊಟ್ಟೆಯಲ್ಲಿದ್ದ ಒಂಬತ್ತು ತಿಂಗಳು ವಯಸ್ಸಿಗೆ ಯಾಕೆ ಸೇರುವುದಿಲ್ಲ?

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಮಗು ಹೊಟ್ಟೆಯಲ್ಲಿ ಹೇಗೆ ಬೆಳೆಯುತ್ತದೆ ಅಂತ ಓದಿದ ಮೇಲೆ ಒಂದೇ ಹಠ ಹಿಡಿದಿದ್ದಾಳೆ. "ನಾನು ಅಮ್ಮನ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಜೀವಂತವಾಗೇ ಇದ್ದೆ ತಾನೆ? ಹಾಗಾದರೆ ನನಗೆ ಹತ್ತು ಮುಕ್ಕಾಲು ವರ್ಷ ಆಗಬೇಕಲ್ವಾ" ಅನ್ನುತ್ತಾಳೆ. ನನಗೆ ಉತ್ತರ ಹೊಳೆಯಲಿಲ್ಲ. ವಯಸ್ಸನ್ನು ಗರ್ಭ ಕಟ್ಟಿದ ದಿನದಿಂದ ಎಣಿಸದೆ ಹುಟ್ಟಿದ ದಿನದಿಂದ ಎಣಿಸುವುದು ಯಾಕೆ? ಇದು ಸುಮ್ನೆ ಬಂದ ರೂಢಿಯೋ, ವೈದ್ಯಕೀಯ ಕಾರಣವೂ ಇದೆಯೋ?

ಉತ್ತರ: ನಿಮ್ಮ ಮಗಳ ಮಾತಿನಲ್ಲಿ ತಪ್ಪಿಲ್ಲ. ಹುಟ್ಟುವ ಹೊತ್ತಿಗೆ ಅವಳು ಆಗಲೇ ಎಷ್ಟೋ ತಿಂಗಳು ಬದುಕಿದ್ದಳು. ಬಸಿರಿನ ಆರನೇ ವಾರದ ಸುಮಾರಿಗೆ ಸ್ಕ್ಯಾನ್‌ನಲ್ಲಿ ಹೃದಯದ ಮಿಡಿತ ಕಾಣಿಸುತ್ತದೆ. ಹೆರಿಗೆಗೆ ಎಷ್ಟೋ ವಾರ ಮೊದಲೇ ಮಗು ಅಮ್ಮನ ದನಿ ಕೇಳಿಸಿಕೊಳ್ಳುತ್ತದೆ, ಬಿಕ್ಕಳಿಸುತ್ತದೆ, ಬೆರಳು ಚೀಪುತ್ತದೆ. ಹಾಗಾಗಿ "ಹುಟ್ಟಿದ ಮೇಲೇ ಜೀವ ಶುರುವಾಗೋದು, ಅದಕ್ಕೇ ಅಲ್ಲಿಂದ ಎಣಿಸೋದು" ಅಂತ ದಯವಿಟ್ಟು ಅವಳಿಗೆ ಹೇಳಬೇಡಿ. ಅದು ನಿಜವಲ್ಲ. ಅವಳು ಒಪ್ಪುವುದೂ ಇಲ್ಲ.

ಮುಖ್ಯ ಕಾರಣ ತೀರಾ ಸರಳ. ಗರ್ಭ ಕಟ್ಟಿದ ದಿನ ಯಾವುದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಅಮ್ಮನಿಗೂ ಇಲ್ಲ, ಅಪ್ಪನಿಗೂ ಇಲ್ಲ, ಹೆರಿಗೆ ಮಾಡಿಸುವ ನನ್ನಂಥ ವೈದ್ಯರಿಗೂ ಇಲ್ಲ. ವಯಸ್ಸು ಅಂದರೆ ನಾಲ್ಕು ಜನ ಒಪ್ಪಬೇಕಾದ ಲೆಕ್ಕ. ಶಾಲೆಗೆ ಸೇರಿಸಲು, ಮತ ಹಾಕಲು, ಪಿಂಚಣಿ ಪಡೆಯಲು ಅದೇ ಲೆಕ್ಕ ಬೇಕು. ಅಂಥ ಲೆಕ್ಕ ಶುರುವಾಗುವ ದಿನವನ್ನು ಯಾರಾದರೂ ಕಣ್ಣಾರೆ ಕಂಡಿರಬೇಕು.

ಇದನ್ನು ಹೇಳಿದರೆ ಬಹಳ ಜನ ಮುಖ ನೋಡುತ್ತಾರೆ. ಗಂಡ ಹೆಂಡತಿಗೆ ಆ ದಿನ ಗೊತ್ತಿರಲ್ವಾ ಅಂತ. ಗೊತ್ತಿರುವುದು ಅವರು ಕೂಡಿದ ದಿನ. ಅದೂ ನೆನಪಿದ್ದರೆ! ಗರ್ಭ ಕಟ್ಟುವುದು ಅದೇ ದಿನ ಆಗಬೇಕೆಂದಿಲ್ಲ. ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಿರಬಲ್ಲವು. ಅಂಡ ಮಾತ್ರ ಬಿಡುಗಡೆಯಾದ ಮೇಲೆ ಹೆಚ್ಚೆಂದರೆ ಒಂದು ದಿನ ಬದುಕುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ಜನವರಿ 1ಕ್ಕೆ ಮುಟ್ಟಾದ, 28 ದಿನಕ್ಕೆ ಸರಿಯಾಗಿ ಮುಟ್ಟು ಬರುವ ಹೆಂಗಸಿಗೆ ಜನವರಿ 15ರ ಸುಮಾರಿಗೆ ಅಂಡ ಬಿಡುಗಡೆಯಾಗುತ್ತದೆ. ದಂಪತಿ 10ನೇ ತಾರೀಕು ಕೂಡಿದ್ದರೂ 15ಕ್ಕೆ ಗರ್ಭ ಕಟ್ಟಬಹುದು. 14ಕ್ಕೆ ಕೂಡಿದ್ದರೂ 15ಕ್ಕೇ ಕಟ್ಟಬಹುದು. ಇನ್ನು ಅದೇ ಹೆಂಗಸಿಗೆ 35 ದಿನಕ್ಕೊಮ್ಮೆ ಮುಟ್ಟಾಗುತ್ತಿದ್ದರೆ ಲೆಕ್ಕ ಜನವರಿ 22ಕ್ಕೆ ಹೋಗುತ್ತದೆ. ಮುಟ್ಟು ಹಿಂದೆ ಮುಂದೆ ಆಗುವವರ ಲೆಕ್ಕ ಹೇಳುವುದೇ ಬೇಡ.

ಅಂಡ ಮತ್ತು ವೀರ್ಯಾಣು ಸೇರುವುದು ಅಂಡನಾಳದಲ್ಲಿ, ಯಾರಿಗೂ ಕಾಣದ ಜಾಗದಲ್ಲಿ. ನೋವಿಲ್ಲ, ಗುರುತಿಲ್ಲ. ಹಾಗೆ ಸೇರಿ ಆದ ಭ್ರೂಣ ಗರ್ಭಕೋಶಕ್ಕೆ ಬಂದು ಅಂಟಿಕೊಳ್ಳಲು ಇನ್ನೂ ಆರರಿಂದ ಹನ್ನೆರಡು ದಿನ ಹಿಡಿಯುತ್ತದೆ. ಅಂಟಿಕೊಂಡ ಮೇಲಷ್ಟೇ ಬಸಿರಿನ ಟೆಸ್ಟ್‌ನಲ್ಲಿ ಗೆರೆ ಮೂಡಿಸುವ ಹಾರ್ಮೋನ್ ತಾಯಿಯ ರಕ್ತಕ್ಕೆ ಬರುತ್ತದೆ. ಅಂದರೆ ಅತಿ ಬೇಗ ಸಿಗುವ ಸುಳಿವು ಕೂಡ ಒಂದು ವಾರಕ್ಕಿಂತ ಹಳೆಯ ಸುದ್ದಿ. ಎಷ್ಟೋ ಸಲ ಆ ಸುದ್ದಿಯೂ ತಲುಪುವುದಿಲ್ಲ. 1988ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮಗು ಬೇಕೆಂದಿದ್ದ ಹೆಂಗಸರ ಮೂತ್ರವನ್ನು ದಿನಾಲೂ ಪರೀಕ್ಷಿಸಿದರು. ಹಾರ್ಮೋನ್ ಕಂಡ ಬಸಿರುಗಳಲ್ಲಿ ನೂರಕ್ಕೆ 31 ನಿಲ್ಲಲಿಲ್ಲ. ಅದರಲ್ಲಿ 22, ಬಸಿರಾಗಿದ್ದೇನೆ ಅಂತ ಗೊತ್ತಾಗುವ ಮೊದಲೇ ಹೋಗಿದ್ದವು.

ಆದರೂ ಡಾಕ್ಟರು "ಹನ್ನೆರಡು ವಾರ ಆಯ್ತು, ಇಪ್ಪತ್ತು ವಾರ ಆಯ್ತು" ಅಂತ ಲೆಕ್ಕ ಹೇಳುತ್ತಾರಲ್ಲ? ಆ ವಾರಗಳೂ ಗರ್ಭ ಕಟ್ಟಿದ ದಿನದಿಂದ ಎಣಿಸಿದವಲ್ಲ. ಕಡೇ ಸಲ ಮುಟ್ಟಾದ ಮೊದಲ ದಿನದಿಂದ ಎಣಿಸಿದವು. ಯಾಕೆಂದರೆ ಹೆಂಗಸರು ನೆನಪಿಟ್ಟು ಹೇಳಬಲ್ಲ ತಾರೀಕು ಅದೊಂದೇ. ಮುಟ್ಟು ತಪ್ಪಿ ಟೆಸ್ಟ್ ಮಾಡಿಸಿಕೊಂಡು ಬಂದವರಿಗೆ ನಾವು "ನಾಲ್ಕು ವಾರ" ಅನ್ನುತ್ತೇವೆ. ಒಳಗಿರುವ ಭ್ರೂಣಕ್ಕೆ ಆಗಿರುವುದು ಬರೀ ಎರಡು ವಾರ. ಉಳಿದ ಎರಡು ವಾರ ಗರ್ಭವೇ ಇರಲಿಲ್ಲ. ಬಸಿರಿನ 40 ವಾರದಲ್ಲಿ ಮೊದಲ ಎರಡು ವಾರ ಮಗು ಇಲ್ಲದ ವಾರಗಳು ಅಂದಾಗ ಹೊಸದಾಗಿ ತಾಯಿಯಾಗುವವರು ಬೆರಗಾಗುತ್ತಾರೆ.

ಡ್ಯೂ ಡೇಟ್ ಹೇಳುವುದೂ ಹೀಗೆಯೇ. ಕಡೇ ಮುಟ್ಟಿನ ತಾರೀಕಿಗೆ ಒಂಬತ್ತು ತಿಂಗಳು, ಏಳು ದಿನ ಸೇರಿಸಿ. ಜನವರಿ 1 ಆದರೆ ಅಕ್ಟೋಬರ್ 8. ಹತ್ತೊಂಬತ್ತನೇ ಶತಮಾನದ ಜರ್ಮನ್ ಪ್ರಸೂತಿ ವೈದ್ಯ ಫ್ರಾಂಟ್ಸ್ ನೇಗಲೆ ಅವರ ಹೆಸರಿನಲ್ಲಿರುವ ಸೂತ್ರ ಇದು. ಇವತ್ತಿಗೂ ಬಳಕೆಯಲ್ಲಿದೆ. ಇದರಿಂದ ಬರುವುದು 280 ದಿನ. ಅದರಲ್ಲಿ 14 ಕಳೆದರೆ ಗರ್ಭ ಕಟ್ಟಿದ ದಿನದಿಂದ 266. ಆದರೆ ಸರಿಯಾಗಿ ಡ್ಯೂ ಡೇಟಿಗೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ.

"ಹಾಗಾದರೆ ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸಿಬಿಡಿ, ಎಲ್ಲರಿಗೂ ಒಂಬತ್ತು ತಿಂಗಳು ತಾನೆ" ಅಂತ ನಿಮಗೆ ಅನ್ನಿಸಬಹುದು. ಎಲ್ಲರಿಗೂ ಒಂಬತ್ತು ತಿಂಗಳಲ್ಲ, ಅದೇ ತೊಡಕು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 125 ಬಸಿರುಗಳನ್ನು ನೋಡಿದರು. ಅಂಡ ಬಿಡುಗಡೆಯಾದ ದಿನವನ್ನು ಹಾರ್ಮೋನ್ ಪರೀಕ್ಷೆಯಿಂದಲೇ ಗುರುತಿಸಿದ್ದರು. ಅಲ್ಲಿಂದ ಹೆರಿಗೆಯವರೆಗಿನ ಮಧ್ಯದ ಅಂಕಿ (ಅರ್ಧ ಬಸಿರು ಇದಕ್ಕಿಂತ ಕಡಿಮೆ, ಅರ್ಧ ಹೆಚ್ಚು) 268 ದಿನ ಬಂತು. ಆದರೆ ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ಬಿಟ್ಟ ಮೇಲೂ ಬಸಿರಿನಿಂದ ಬಸಿರಿಗೆ 37 ದಿನದವರೆಗೆ ವ್ಯತ್ಯಾಸ ಇತ್ತು. ಆರೋಗ್ಯವಾಗಿರುವ, ದಿನ ತುಂಬಿ ಹುಟ್ಟಿದ ಮಕ್ಕಳ ನಡುವೆಯೇ ಒಂದು ತಿಂಗಳಿಗೂ ಜಾಸ್ತಿ ಅಂತರ! ಕೆಲವು ಮಕ್ಕಳು ನಿಧಾನಕ್ಕೆ ಬರುತ್ತಾರೆ, ಕೆಲವರಿಗೆ ಅವಸರ. ಅದು ಅವರ ದೇಹದ ರೀತಿ.

ಈಗ ಇದಕ್ಕಿಂತ ಒಳ್ಳೆಯ ದಾರಿ ಸ್ಕ್ಯಾನ್. ಗ್ಲಾಸ್ಗೋ ನಗರದಲ್ಲಿ ಇಯಾನ್ ಡೊನಾಲ್ಡ್ ಮತ್ತು ಜೊತೆಗಾರರು 1958ರಲ್ಲಿ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದರು. ಅದೇ ಊರಿನಲ್ಲಿ 1973ರಲ್ಲಿ ಹ್ಯೂ ರಾಬಿನ್‌ಸನ್ ಭ್ರೂಣದ ಉದ್ದ ಅಳೆದು ಅದರ ವಯಸ್ಸು ಹೇಳುವ ಕ್ರಮ ತಂದರು. ನಾನು ವಾರದಲ್ಲಿ ಎಷ್ಟೋ ಸಲ ಇದೇ ಕೆಲಸ ಮಾಡುತ್ತೇನೆ. ಮಗು ಪಕ್ಕಕ್ಕೆ ಮಲಗಿದಂತೆ ಪರದೆಯಲ್ಲಿ ನಿಲ್ಲುವವರೆಗೆ ಕಾಯಬೇಕು. ತೀರಾ ಮುದುಡಿಕೊಂಡಿದ್ದರೆ ಅಳತೆ ಕಡಿಮೆ ಬರುತ್ತದೆ. ಬೆನ್ನು ಹಿಗ್ಗಿಸಿದ್ದರೆ ಜಾಸ್ತಿ ಬರುತ್ತದೆ. ಸರಿಯಾಗಿ ಸಿಕ್ಕಾಗ ಚಿತ್ರ ನಿಲ್ಲಿಸಿ, ನೆತ್ತಿಯ ಮೇಲೊಂದು ಗುರುತು, ಕುಂಡಿಯ ತುದಿಗೊಂದು ಗುರುತು. 54 ಮಿಲಿಮೀಟರ್ ಬಂದರೆ ಹನ್ನೆರಡು ವಾರ. ಕಾಲು ಮಡಿಸಿಕೊಂಡಿರುವುದರಿಂದ ಕಾಲನ್ನು ಅಳೆಯುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತಾರೆ, ಅದಕ್ಕೇ ಈ ಅಳತೆ ಕೆಲಸಕ್ಕೆ ಬರುತ್ತದೆ. ಇಷ್ಟಾದರೂ ಐದರಿಂದ ಏಳು ದಿನ ಆಚೀಚೆ ಇದ್ದೇ ಇರುತ್ತದೆ. ಏಳನೇ ತಿಂಗಳಿನಲ್ಲಿ ಮೊದಲ ಸಲ ಸ್ಕ್ಯಾನ್‌ಗೆ ಬಂದರೆ ಮೂರು ವಾರ ಹೆಚ್ಚು ಕಡಿಮೆ ಆದರೂ ಆದೀತು. ನಮ್ಮ ಕೈಲಿರುವ ಅತ್ಯುತ್ತಮ ಸಾಧನವೂ ಕೊಡುವುದು ಅಂದಾಜನ್ನೇ.

ಇನ್ನು ಹಿಂದಿನವರ ಪಾಡು ಯೋಚಿಸಿ. ವೀರ್ಯಾಣುವನ್ನು ಮೈಕ್ರೋಸ್ಕೋಪಿನಲ್ಲಿ ಮೊದಲು ಕಂಡದ್ದು 1677ರಲ್ಲಿ. ಸಸ್ತನಿಗಳ ಅಂಡವನ್ನು ಕಾರ್ಲ್ ಫಾನ್ ಬೇರ್ ಕಂಡುಹಿಡಿದದ್ದು 1827ರಲ್ಲಿ. ಎರಡೂ ಸೇರಿ ಒಂದಾಗುವುದನ್ನು ಆಸ್ಕರ್ ಹರ್ಟ್‌ವಿಗ್ ಸಮುದ್ರದ ಮುಳ್ಳುಜೀವಿಯೊಂದರ ಅಂಡದಲ್ಲಿ ನೋಡಿ ತಿಳಿಸಿದ್ದು 1876ರಲ್ಲಿ. ಹೆಂಗಸರಲ್ಲಿ ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಅಂತ ಜಪಾನಿನ ಓಗಿನೊ, ಆಸ್ಟ್ರಿಯಾದ ಕ್ನಾಸ್ ಹೇಳಿದ್ದು 1920ರ ದಶಕದಲ್ಲಿ. ಮನುಷ್ಯರು ವಯಸ್ಸು ಎಣಿಸಲು ಶುರು ಮಾಡಿದಾಗ ಇದ್ಯಾವುದೂ ಗೊತ್ತಿರಲಿಲ್ಲ. ಮಗು ಹುಟ್ಟಿದ್ದು ಮಾತ್ರ ಮನೆಮಂದಿಗೆಲ್ಲ ಗೊತ್ತು.

ಹಾಗಂತ ಗರ್ಭದ ಕಾಲ ಸೇರಿಸಿ ಎಣಿಸಿದವರೇ ಇಲ್ಲ ಅಂತಲ್ಲ. ಬೌದ್ಧ ಸಂಘದ ವಿನಯ ನಿಯಮಗಳಲ್ಲಿ ಇಂಥದ್ದೊಂದು ಪ್ರಸಂಗ ಬರುತ್ತದೆ. ಭಿಕ್ಷುವಾಗಿ ಪೂರ್ಣ ದೀಕ್ಷೆ ಪಡೆಯಲು ಇಪ್ಪತ್ತು ವರ್ಷ ಆಗಿರಬೇಕು. ಕುಮಾರ ಕಸ್ಸಪ ಅನ್ನುವವನಿಗೆ ಗರ್ಭದಿಂದ ಎಣಿಸಿದರೆ ಇಪ್ಪತ್ತಾಗಿತ್ತು, ಹುಟ್ಟಿನಿಂದ ಎಣಿಸಿದರೆ ಆಗಿರಲಿಲ್ಲ. ದೀಕ್ಷೆ ಸರಿಯೋ ತಪ್ಪೋ ಎಂಬ ಅನುಮಾನ ಬಂತು. ತಾಯಿಯ ಹೊಟ್ಟೆಯಲ್ಲಿ ಮೊದಲ ಚಿತ್ತ ಮೂಡಿದಾಗಿನಿಂದಲೇ ಎಣಿಸಬಹುದು ಅಂತ ಬುದ್ಧ ಒಪ್ಪಿಗೆ ಕೊಟ್ಟ. ನಿಮ್ಮ ಮಗಳ ವಾದವೇ ಇದು. ಎರಡು ಸಾವಿರ ವರ್ಷಕ್ಕೂ ಹಿಂದೆ ಅದಕ್ಕೆ ಮನ್ನಣೆ ಸಿಕ್ಕಿತ್ತು ಅಂತ ಹೇಳಿ, ಖುಷಿಪಡುತ್ತಾಳೆ. ಆದರೆ ಗಮನಿಸಿ, ಅಲ್ಲೂ ಗರ್ಭದ ಕಾಲವನ್ನು ಲೆಕ್ಕ ಹಿಡಿಯಲು ಹುಟ್ಟಿನಿಂದ ಆದ ವರ್ಷಗಳಿಗೆ ಹೊಟ್ಟೆಯಲ್ಲಿದ್ದ ತಿಂಗಳು ಕೂಡಿಸಬೇಕಿತ್ತೇ ಹೊರತು ಬೇರೆ ದಾರಿ ಇರಲಿಲ್ಲ. ಹುಟ್ಟಿದ ದಿನ ಗೊತ್ತಿದ್ದರಷ್ಟೇ ಆ ಲೆಕ್ಕ.

ಕೊರಿಯಾದ ಮಾತು ಬೇರೆ. ಅಲ್ಲಿ ಹುಟ್ಟಿದ ಮಗುವಿಗೆ ಒಂದು ವರ್ಷ ಅಂತ ಹೇಳುವ ಪದ್ಧತಿ ಇತ್ತು, ಅದು ಹೊಟ್ಟೆಯಲ್ಲಿದ್ದ ಕಾಲ ಅಂತ ವಿವರಿಸುವವರೂ ಇದ್ದಾರೆ. ಪೂರ್ತಿ ನಿಯಮ ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಆ ಪದ್ಧತಿಯಲ್ಲಿ ಪ್ರತಿ ಹೊಸ ವರ್ಷಕ್ಕೆ ಎಲ್ಲರಿಗೂ ಒಂದು ವರ್ಷ ಏರುತ್ತದೆ. ಡಿಸೆಂಬರ್ 31ಕ್ಕೆ ಹುಟ್ಟಿದ ಮಗುವಿಗೆ ಮಾರನೇ ದಿನ ಎರಡು ವರ್ಷ! ಗರ್ಭಕ್ಕೂ ಇದಕ್ಕೂ ಸಂಬಂಧ ಕಡಿಮೆ. ಈ ಮನುಷ್ಯ ಎಷ್ಟು ವರ್ಷಗಳನ್ನು ಕಂಡ, ಈಗ ನಡೆಯುತ್ತಿರುವುದು ಎಷ್ಟನೆಯದು ಎಂಬ ಎಣಿಕೆ ಅದು. ಜಪಾನ್ 1902ರಲ್ಲೇ ಹುಟ್ಟಿದ ದಿನದಿಂದ ಎಣಿಸುವ ಕಾನೂನು ಮಾಡಿತು. ದಕ್ಷಿಣ ಕೊರಿಯಾದಲ್ಲಿ 2023ರ ಜೂನ್ 28ರಿಂದ ಸರ್ಕಾರಿ ವ್ಯವಹಾರಕ್ಕೆಲ್ಲ ಸಾಮಾನ್ಯವಾಗಿ ಹುಟ್ಟುಹಬ್ಬದ ಲೆಕ್ಕವೇ ಬಂತು.

ಈಗ ನಿಮ್ಮ ಮಗಳಂಥ ಚುರುಕಾದವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಗರ್ಭ ಕಟ್ಟಿದ ದಿನ ಖಚಿತವಾಗಿ ಗೊತ್ತಿರುವ ಮಕ್ಕಳೂ ಇದ್ದಾರಲ್ಲ, ಅವರಿಗಾದರೂ ಹಾಗೆ ಎಣಿಸಬಹುದಲ್ವಾ ಅಂತ. ಇದ್ದಾರೆ. ಐವಿಎಫ್‌ನಿಂದ, ಅಂದರೆ ದೇಹದ ಹೊರಗೆ ಲ್ಯಾಬಿನಲ್ಲಿ ಗರ್ಭ ಕಟ್ಟಿಸುವ ಕ್ರಮದಿಂದ, ಹುಟ್ಟಿದ ಮಕ್ಕಳು. ಇವರಲ್ಲಿ ಮೊದಲನೆಯವರು ಲೂಯಿಸ್ ಬ್ರೌನ್. ಲ್ಯಾಬಿನಲ್ಲಿ ಅಂಡ ಮತ್ತು ವೀರ್ಯಾಣು ಸೇರಿಸಿದ್ದು 1977ರ ನವೆಂಬರಿನಲ್ಲಿ, ಆಕೆ ಹುಟ್ಟಿದ್ದು 1978ರ ಜುಲೈ 25ಕ್ಕೆ. ಲ್ಯಾಬಿನಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಅಂಡಕ್ಕೆ ವೀರ್ಯಾಣು ಸೇರಿಸಿ ಇಟ್ಟು, ಸುಮಾರು 16ರಿಂದ 18 ಗಂಟೆ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಒಳಗೆ ಎರಡು ಪುಟ್ಟ ದುಂಡನೆಯ ಗುರುತು ಅಕ್ಕಪಕ್ಕ ಕಂಡರೆ ಕೆಲಸ ಆಗಿದೆ ಅಂತ ಅರ್ಥ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ಅವು ಇನ್ನೂ ಬೆರೆತಿರುವುದಿಲ್ಲ. ಬೆರೆತು, ಒಂದು ಕೋಶ ಎರಡಾಗಲು ಮತ್ತೂ ಹಲವು ಗಂಟೆ ಬೇಕು. ಕಣ್ಣೆದುರೇ ನಡೆದರೂ "ಇದೇ ಆ ಕ್ಷಣ" ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅದು ಒಂದು ದಿನದುದ್ದಕ್ಕೂ ನಡೆಯುವ ಕೆಲಸ.

ತಾರೀಕಂತೂ ಸಿಕ್ಕಿತು ಅನ್ನಿ. ಆಮೇಲೆ ಬರುವ ತೊಡಕು ದೊಡ್ಡದು. ಭ್ರೂಣವನ್ನು ದ್ರವ ಸಾರಜನಕದಲ್ಲಿ ಫ್ರೀಜ್ ಮಾಡಿ ವರ್ಷಗಟ್ಟಲೆ ಇಡಬಹುದು. 2022ರ ಅಕ್ಟೋಬರ್ 31ಕ್ಕೆ ಅಮೆರಿಕದಲ್ಲಿ ಅವಳಿ ಮಕ್ಕಳು ಹುಟ್ಟಿದವು. ಅವುಗಳ ಭ್ರೂಣ ಫ್ರೀಜ್ ಮಾಡಿದ್ದು 1992ರ ಏಪ್ರಿಲ್ 22ಕ್ಕೆ. ಬೇರೆ ದಂಪತಿ ದಾನ ಕೊಟ್ಟಿದ್ದ ಭ್ರೂಣಗಳು ಅವು. 1992ರಲ್ಲಿ ಈ ಮಕ್ಕಳ ಅಪ್ಪನಿಗೇ ಐದು ವರ್ಷ! ಗರ್ಭದಿಂದ ಎಣಿಸಿದರೆ ಆ ಕೂಸುಗಳಿಗೆ ಹುಟ್ಟಿದ ದಿನವೇ ಮೂವತ್ತೂವರೆ ವರ್ಷ. ಮೊದಲ ಹಾಲು ಕುಡಿಯುವ ಮೊದಲೇ ಮತ ಹಾಕುವ ವಯಸ್ಸು ದಾಟಿಬಿಟ್ಟಿತು. ಅಪ್ಪನಿಗೂ ಮಕ್ಕಳಿಗೂ ಐದು ವರ್ಷದ ಅಂತರ. ಅಲ್ಲಿ ತಾರೀಕು ಅಚ್ಚುಕಟ್ಟಾಗಿ ಬರೆದಿಟ್ಟಿತ್ತು. ಆದರೂ ಅದರಿಂದ ಆ ಮಕ್ಕಳ ಬಗ್ಗೆ ಕೆಲಸಕ್ಕೆ ಬರುವ ಒಂದು ಮಾತೂ ತಿಳಿಯುವುದಿಲ್ಲ.

ತದ್ರೂಪಿ ಅವಳಿಗಳದ್ದು ಇನ್ನೊಂದು ಕಥೆ. ಒಂದೇ ಅಂಡ, ಒಂದೇ ವೀರ್ಯಾಣು. ಆಮೇಲೆ ಯಾವಾಗಲೋ, ಹೆಚ್ಚಾಗಿ ಮೊದಲ ವಾರ ಹತ್ತು ದಿನದೊಳಗೆ, ಭ್ರೂಣ ಎರಡಾಗುತ್ತದೆ. ಗರ್ಭ ಕಟ್ಟಿದ ದಿನ ಇದ್ದದ್ದು ಒಂದೇ. ಹಾಗಾದರೆ ಅವರ ವಯಸ್ಸು ಅಲ್ಲಿಂದ ಶುರುವಾಗಬೇಕೋ, ಇಬ್ಬರಾದ ದಿನದಿಂದಲೋ? ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಯಾರ ಹತ್ತಿರವೂ ಇರಲಾರದು. ಹುಟ್ಟುವಾಗ ಮಾತ್ರ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ, ಇಬ್ಬರ ಸಮಯವೂ ಬೇರೆಬೇರೆಯಾಗಿ ಬರೆದಿರುತ್ತದೆ.

ವೈದ್ಯಕೀಯ ಕಾರಣ ಇದೆಯಾ ಅಂತ ಕೇಳಿದ್ದೀರಿ. ಇದೆ, ಮತ್ತು ಜನರಿಗೆ ಗೊತ್ತಿಲ್ಲದ ಭಾಗ ಇದೇ. ಹುಟ್ಟು ಸುಮ್ನೆ ಒಳಗಿದ್ದ ಮಗು ಹೊರಗೆ ಬಂದಷ್ಟೇ ಅಲ್ಲ. ದೇಹದ ಕೆಲಸ ಕೆಲವೇ ನಿಮಿಷಗಳಲ್ಲಿ ಅಡಿಮೇಲಾಗುತ್ತದೆ. ಹೊಟ್ಟೆಯಲ್ಲಿದ್ದಾಗ ಶ್ವಾಸಕೋಶದ ತುಂಬ ನೀರು. ಆಮ್ಲಜನಕ ಬರುವುದು ಮಾಸಿನಿಂದ (ಪ್ಲಾಸೆಂಟಾ), ಹೊಕ್ಕುಳ ಬಳ್ಳಿಯ ಮೂಲಕ. ಶ್ವಾಸಕೋಶಕ್ಕೆ ಕೆಲಸವೇ ಇಲ್ಲದ ಕಾರಣ ಹೃದಯದ ಒಳಗೊಂದು ಕಿಂಡಿ, ಹೊರಗೊಂದು ಅಡ್ಡನಾಳ ಇದ್ದು, ರಕ್ತದ ಹೆಚ್ಚಿನ ಪಾಲು ಶ್ವಾಸಕೋಶದೊಳಗೆ ಹೋಗದೆ ಅದನ್ನು ತಪ್ಪಿಸಿಕೊಂಡು ಸಾಗುತ್ತದೆ. ಮಗು ಹೊರಬಂದು ಮೊದಲ ಉಸಿರು ಎಳೆದಾಗ ಗಾಳಿ ನುಗ್ಗುತ್ತದೆ, ನೀರು ಹೀರಿಹೋಗುತ್ತದೆ, ಶ್ವಾಸಕೋಶದ ರಕ್ತನಾಳಗಳು ತೆರೆದುಕೊಳ್ಳುತ್ತವೆ. ಹೃದಯದ ಎಡಭಾಗದಲ್ಲಿ ಒತ್ತಡ ಏರಿ ಕಿಂಡಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಡ್ಡನಾಳ ಒಂದೆರಡು ಮೂರು ದಿನದಲ್ಲಿ ಬಿಗಿದುಕೊಳ್ಳುತ್ತದೆ. ಜೀವನದಲ್ಲಿ ಮತ್ತೆಂದೂ ದೇಹ ಇಷ್ಟು ಬೇಗ ಇಷ್ಟೊಂದು ಬದಲಾಗುವುದಿಲ್ಲ.

ಅದಕ್ಕೇ ಹೆರಿಗೆ ಕೋಣೆಯಲ್ಲಿ ಮಗುವಿನ ಇಡೀ ಮೈ ಹೊರಬಂದ ಕೂಡಲೇ ಒಬ್ಬರು ಗಡಿಯಾರ ನೋಡಿ ಸಮಯ ಕೂಗಿ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಇದು ಬರೀ ಸರ್ಟಿಫಿಕೇಟಿಗಲ್ಲ. ಮಗುವಿನ ವಯಸ್ಸನ್ನು ನಾವು ಮೊದಲು ಎಣಿಸುವುದು ನಿಮಿಷದಲ್ಲಿ. ಮೊದಲ ನಿಮಿಷಕ್ಕೆ ಮತ್ತು ಐದನೇ ನಿಮಿಷಕ್ಕೆ ಉಸಿರು, ಹೃದಯದ ಬಡಿತ, ಮೈಬಣ್ಣ, ಕೈಕಾಲಿನ ಬಿಗಿ, ಪ್ರತಿಕ್ರಿಯೆ ನೋಡಿ ಅಂಕ ಕೊಡುತ್ತೇವೆ. ಅಮೆರಿಕದ ವೈದ್ಯೆ ವರ್ಜೀನಿಯಾ ಅಪ್ಗಾರ್ 1952ರಲ್ಲಿ ರೂಪಿಸಿದ ಕ್ರಮ ಇದು. ಆಮೇಲೆ ಎಣಿಕೆ ಗಂಟೆಗೆ ಬರುತ್ತದೆ. ಕಾಮಾಲೆಯನ್ನೇ ತಗೊಳ್ಳಿ. ಮೂರನೇ ದಿನ ಮಗು ಸ್ವಲ್ಪ ಹಳದಿ ಕಂಡರೆ ಸಾಮಾನ್ಯವಾಗಿ ಗಾಬರಿ ಇಲ್ಲ. ಅದೇ ಹಳದಿ ಹುಟ್ಟಿದ 24 ಗಂಟೆಯೊಳಗೆ ಕಂಡರೆ ತಕ್ಷಣ ರಕ್ತ ಪರೀಕ್ಷೆ ಮಾಡಿಸಲೇಬೇಕು. ರಕ್ತದಲ್ಲಿನ ಹಳದಿ ಅಂಶ ಎಷ್ಟಾದರೆ ಬೆಳಕಿನ ಚಿಕಿತ್ಸೆ ಕೊಡಬೇಕು ಎಂಬ ಪಟ್ಟಿಯಲ್ಲಿ ಮಗುವಿನ ವಯಸ್ಸು ಗಂಟೆಗಳಲ್ಲೇ ಇರುತ್ತದೆ. ಯಾಕೆ ಅಂದರೆ ಅಲ್ಲಿಯವರೆಗೆ ಆ ಹಳದಿ ಅಂಶವನ್ನು ಮಾಸಿನ ಮೂಲಕ ತಾಯಿಯ ದೇಹ ಹೊರಹಾಕುತ್ತಿತ್ತು. ಬಳ್ಳಿ ಕತ್ತರಿಸಿದ ಮೇಲೆ ಆ ಕೆಲಸ ಮಗುವಿನ ಪುಟ್ಟ ಲಿವರ್ ಮೇಲೆ ಬಿತ್ತು. ಎಷ್ಟು ಹೊತ್ತಿನಿಂದ ಅದು ಒಂಟಿಯಾಗಿ ಕೆಲಸ ಮಾಡುತ್ತಿದೆ ಎಂಬುದೇ ಇಲ್ಲಿ ಮುಖ್ಯ. ಗರ್ಭ ಕಟ್ಟಿ ಎಷ್ಟು ದಿನ ಆಯಿತು ಅನ್ನುವುದೊಂದೇ ಇಲ್ಲಿ ಸಾಲದು.

ಸಿಸೇರಿಯನ್ ಆದರೆ ದಿನವನ್ನು ನಾವೇ ಗೊತ್ತು ಮಾಡುತ್ತೇವಲ್ಲ ಅಂತ ಕೆಲವರು ಕೇಳುತ್ತಾರೆ. ಹೌದು. ಆದರೂ ಉಸಿರಾಟ, ಲಿವರ್, ರಕ್ತದ ಹರಿವು ಎಲ್ಲವೂ ಆ ದಿನ ಆ ಗಂಟೆಯಿಂದಲೇ ಬದಲಾಗುತ್ತವೆ.

ಗರ್ಭದ ಕಾಲವನ್ನು ಬಿಡಬಾರದ ಒಂದು ಜಾಗ ಮಾತ್ರ ಇದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳು. ಜಗತ್ತಿನಲ್ಲಿ ಹತ್ತರಲ್ಲಿ ಒಂದು ಮಗು ಹೀಗೆ ಹುಟ್ಟುತ್ತದೆ, 2020ರಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು. 28 ವಾರಕ್ಕೆ ಹುಟ್ಟಿದ ಮಗು ಅಂದರೆ 12 ವಾರ ಬೇಗ ಬಂದಿದೆ. ಆರು ತಿಂಗಳಾದಾಗ ತಾಯಿ ಕಣ್ಣೀರು ಹಾಕಿಕೊಂಡು ಬರುತ್ತಾಳೆ. "ಬೇರೆ ಮಕ್ಕಳು ಕೂರಲು ನೋಡುತ್ತವೆ, ನಮ್ಮದು ಇನ್ನೂ ಕತ್ತು ನಿಲ್ಲಿಸೋದೇ ಕಷ್ಟ" ಅನ್ನುತ್ತಾಳೆ. ಅವಳ ಜೊತೆ ಕೂತು ಲೆಕ್ಕ ಹಾಕಬೇಕು. ಆರು ತಿಂಗಳು ಅಂದರೆ 26 ವಾರ. ಅದರಲ್ಲಿ 12 ಕಳೆದರೆ 14 ವಾರ, ಮೂರು ತಿಂಗಳು ಚಿಲ್ಲರೆ. ಮೂರು ತಿಂಗಳ ಮಗುವಿಗೆ ಕತ್ತು ಇನ್ನೂ ಪೂರ್ತಿ ನಿಲ್ಲದಿದ್ದರೆ ಅದು ಸಹಜ. ಇದನ್ನು ತಿದ್ದಿದ ವಯಸ್ಸು ಅನ್ನುತ್ತೇವೆ. ಮಿದುಳು, ಸ್ನಾಯು ಬೆಳೆಯುವುದು ಗರ್ಭದಿಂದ ಶುರುವಾದ ತನ್ನದೇ ವೇಗದಲ್ಲಿ, ಬೇಗ ಹುಟ್ಟಿದೆ ಅಂತ ಅದು ಅವಸರ ಮಾಡುವುದಿಲ್ಲ. ಎರಡು ವರ್ಷದವರೆಗೆ ಬೆಳವಣಿಗೆಯನ್ನು ಈ ಲೆಕ್ಕದಲ್ಲೇ ನೋಡಬೇಕು. ಆದರೆ ಅದೇ ಮಗುವಿಗೆ ಲಸಿಕೆಗಳನ್ನು ಹುಟ್ಟಿದ ದಿನದ ಲೆಕ್ಕದಲ್ಲೇ ಹಾಕಿಸಬೇಕು, ತಿದ್ದಿದ ವಯಸ್ಸಿಗೆ ಕಾಯಬಾರದು. ರೋಗಾಣುಗಳು ಮಗುವನ್ನು ಮುಟ್ಟಲು ಶುರು ಮಾಡಿದ್ದು ಹುಟ್ಟಿದಾಗಿನಿಂದ ತಾನೆ? ಒಂದೇ ಮಗುವಿಗೆ ಎರಡು ವಯಸ್ಸು, ಎರಡಕ್ಕೂ ಬೇರೆಬೇರೆ ಕೆಲಸ. ಇದನ್ನು ತಾಯಂದಿರಿಗೆ ಬಿಡಿಸಿ ಹೇಳದೆ ಕಳಿಸುವುದು ನನಗೆ ತುಂಬ ಬೇಸರದ ಸಂಗತಿ. ಎಷ್ಟೋ ಮನೆಗಳಲ್ಲಿ ಸುಮ್ಮಸುಮ್ಮನೆ ಆತಂಕ, ಇನ್ನೆಷ್ಟೋ ಕಡೆ ಲಸಿಕೆ ತಡ.

ಎರಡು ವರ್ಷ ಕಳೆದ ಮೇಲೆ ಆ ಕೆಲವು ವಾರಗಳ ವ್ಯತ್ಯಾಸ ಮಾಸುತ್ತಾ ಹೋಗುತ್ತದೆ. ನಲವತ್ತರ ಮನುಷ್ಯನಿಗೆ ಒಂದು ತಿಂಗಳು ಹೆಚ್ಚೋ ಕಡಿಮೆಯೋ ಯಾರೂ ಹೇಳಲಾರರು.

ಕಾನೂನಿನ ಮಾತಿಗೆ ಬಂದರೆ, ಎಲ್ಲರ ವಯಸ್ಸನ್ನೂ ಒಂಬತ್ತು ತಿಂಗಳು ಹಿಂದಕ್ಕೆ ಎಳೆದರೆ ಏನೂ ಲಾಭವಿಲ್ಲ. 18ಕ್ಕೆ ಮತದಾನ ಅನ್ನುವುದನ್ನು ಹದಿನೆಂಟು ಮುಕ್ಕಾಲು ಅಂತ ತಿದ್ದಬೇಕು, ಅಷ್ಟೇ. ಬೇಗ ಹುಟ್ಟಿದವರು, ತಡವಾಗಿ ಹುಟ್ಟಿದವರ ನಡುವಿನ ಕೆಲವು ವಾರ ಮಾತ್ರ ಬದಲಾಗುತ್ತದೆ. ಅದಕ್ಕಾಗಿ ಪ್ರತಿ ತಾಯಿಯೂ ಕಚೇರಿಯಲ್ಲಿ ನಿಂತು ತನ್ನ ಮುಟ್ಟಿನ ತಾರೀಕು, ಗಂಡನ ಜೊತೆಗಿದ್ದ ದಿನ ಹೇಳಿ ಬರೆಸಬೇಕು. ಅದಕ್ಕೆ ತಕರಾರು ಬಂದರೆ ಕೋರ್ಟಿನಲ್ಲಿ ಅವಳನ್ನೇ ಪ್ರಶ್ನೆ ಮಾಡುತ್ತಾರೆ. ಇದು ಯಾವ ಹೆಣ್ಣಿಗೂ ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಹುಟ್ಟಿದ ದಿನಕ್ಕೆ ಹಾಗಲ್ಲ, ಅವಳ ಖಾಸಗಿ ಬದುಕನ್ನು ಯಾರೂ ಕೆದಕಬೇಕಾಗಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಕೂಡ ಹುಟ್ಟಿದ ತಕ್ಷಣ ಮಗುವಿನ ನೋಂದಣಿ ಆಗಬೇಕು ಅನ್ನುತ್ತದೆ. ಇಷ್ಟು ಸುಲಭವಾಗಿ ಕಾಣುವ ಈ ದಿನವನ್ನೇ ಎಲ್ಲರಿಗೂ ಬರೆದಿಡಲು ಜಗತ್ತಿಗೆ ಆಗಿಲ್ಲ. ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಜನನ ನೋಂದಣಿ ಆಗಿಲ್ಲ ಅಂತ ಯುನಿಸೆಫ್ 2024ರಲ್ಲಿ ಹೇಳಿತು.

ಹೊಟ್ಟೆಯಲ್ಲಿರುವ ಮಗುವನ್ನು ಕಾನೂನು ಲೆಕ್ಕಕ್ಕೇ ತಗೊಳ್ಳುವುದಿಲ್ಲ ಅಂತ ಇದರ ಅರ್ಥವಲ್ಲ. ಅಪ್ಪ ತೀರಿಕೊಂಡಾಗ ಹೊಟ್ಟೆಯಲ್ಲಿದ್ದ ಮಗು ಜೀವಂತವಾಗಿ ಹುಟ್ಟಿದರೆ ಅದಕ್ಕೂ ಆಸ್ತಿಯಲ್ಲಿ ಪಾಲು ಎಂಬ ತತ್ವ ರೋಮನ್ನರ ಕಾಲದಿಂದ ಇದೆ. ಜೀವ ಯಾವಾಗ ಶುರು, ಹಕ್ಕು ಯಾವಾಗ ಶುರು, ವಯಸ್ಸು ಯಾವಾಗ ಶುರು, ಇವು ಮೂರು ಬೇರೆ ಪ್ರಶ್ನೆಗಳು. ಮೂರಕ್ಕೂ ಒಂದೇ ಉತ್ತರ ಹುಡುಕುವುದರಿಂದಲೇ ಜಾಸ್ತಿ ಗೊಂದಲ.

ಇಷ್ಟಾದ ಮೇಲೂ ಮಗಳು ತನ್ನ ಗರ್ಭದ ಕಾಲ ಸೇರಿಸಿ ಲೆಕ್ಕ ಬೇಕೇ ಬೇಕು ಅಂದರೆ ಹಾಕಿಕೊಡಿ, ಒಳ್ಳೆಯ ಲೆಕ್ಕ ಅದು. ಹುಟ್ಟಿದ ದಿನದಿಂದ ಒಂಬತ್ತು ತಿಂಗಳು ಹಿಂದೆ ಹೋಗಬೇಡಿ. ಆಗಿನ ಕಡತದಲ್ಲಿ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ರಿಪೋರ್ಟ್ ಇದ್ದರೆ, ಅದರಲ್ಲಿ ಬರೆದ ಡ್ಯೂ ಡೇಟ್ ನೋಡಿ ಅಲ್ಲಿಂದ 266 ದಿನ ಹಿಂದಕ್ಕೆ ಎಣಿಸಿ. ಅವಳು ಡ್ಯೂ ಡೇಟಿಗೆ ಹತ್ತು ದಿನ ಮೊದಲೇ ಹುಟ್ಟಿದ್ದರೆ ಹೊಟ್ಟೆಯಲ್ಲಿದ್ದದ್ದು ಸುಮಾರು 256 ದಿನ ಅಂತಾಯಿತು. ಅಂದರೆ ಅವಳು ಹೇಳುವ ಮುಕ್ಕಾಲು ವರ್ಷಕ್ಕೆ ಎರಡು ಮೂರು ವಾರ ಕಡಿಮೆ. ಸ್ಕ್ಯಾನ್ ರಿಪೋರ್ಟ್ ಸಿಗದಿದ್ದರೆ ಕಡೇ ಮುಟ್ಟಿನ ತಾರೀಕಿಗೆ 14 ದಿನ ಸೇರಿಸಿ, ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತಿದ್ದರೆ ಮಾತ್ರ. ಯಾವ ದಾರಿಯಲ್ಲಿ ಹೋದರೂ ಬಂದ ತಾರೀಕಿನ ಪಕ್ಕದಲ್ಲಿ "ಒಂದು ವಾರ ಹೆಚ್ಚು ಕಡಿಮೆ" ಅಂತ ಅವಳ ಕೈಲೇ ಬರೆಸಿ.